ಎಣ್ಣೆಯಲ್ಲಿ ಅದ್ದಿದ ನಾರು

ಇಂಜಿನ್ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ಕೆಮ್ಮು ಕೇಳಿಸುತ್ತದೆ.

ಸೋದರಮಾವ ಗಣಿಯ ದೊರೆಯ ಕಾರು ಓಡಿಸುತ್ತಿದ್ದ. ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳ ದೂಳು ಇಂಜಿನ್ನಿಗೆ ನುಗ್ಗದಂತೆ, ಅದು ಗಾಳಿ ಎಳೆಯುವ ಬಾಯಿಗೆ ಒಂದು ಬೆಳಗ್ಗೆ ಒದ್ದೆ ಬಟ್ಟೆ ಕಟ್ಟಿ ಬಂಗಾರಪೇಟೆಗೆ ಹೋಗಿದ್ದ. ಏರಿನಲ್ಲಿ ಕಾರು ಏದುಸಿರು ಬಿಟ್ಟಿತಂತೆ. ಆ ಮಧ್ಯಾಹ್ನ ಎಣ್ಣೆಯಲ್ಲಿ ಅದ್ದಿದ ತೆಂಗಿನ ನಾರು ತುರುಕಿಕೊಂಡು ಹೋಗಿಬಂದ.

"ಏರಲ್ಲೂ ಒಂದೇ ದಮ್ಮಿಗೆ ಅತ್ತೋಯ್ತು ಕಣಕ್ಕಾ!" ಎಂದು ನಾರು ಬಿಚ್ಚಿ ತೋರಿಸಿದ. ಅದರ ತುಂಬ ದೂಳು ಹಿಟ್ಟಿನಂತೆ ಅಂಟಿತ್ತು.

ಅಮ್ಮ ಅದನ್ನು ಬೆರಳಿನಿಂದ ಸವರಿ, ಜಗಲಿಯಲ್ಲಿ ಕೂತಿದ್ದ ಅಪ್ಪನನ್ನು ನೋಡಿದಳು. ಅಪ್ಪ ಗಣಿಯೊಳಗೆ ಬಂಡೆ ಕೊರೆಯುವವನು.

"ಇಂಥದೊಂದು ನಿನ್ ಭಾವನ ಮೂಗಿಗೂ ಕಟ್ಟಾಕಾಗಲ್ವೇನೋ?"

ಮಾವ ಕೈ ಒರೆಸಿಕೊಂಡ. ಅಪ್ಪ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಮೆಲ್ಲಗೆ ಅಂದ:

"ಅದು ದೊರೆ ಕಾರು ಕಣೇ."