ಬಾಳೆಹಣ್ಣಿನೊಳಗಿನ ಮಾತ್ರೆ

ಮದುವೆಯಾಗಿ ಇಷ್ಟು ವರ್ಷವಾದರೂ ಸೊಸೆ ಬಸುರಾಗಲಿಲ್ಲವೆಂದು ಕೊರಗುತ್ತಿದ್ದ ಅತ್ತೆ, ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವಳ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಏಲಕ್ಕಿ ಬಾಳೆಹಣ್ಣಿನ ಚೀಲವಿತ್ತು. ಹೆಣ್ಣು ಕೋತಿಯೊಂದರ ಪಂಜರದ ಮುಂದೆ ಬಹಳ ಹೊತ್ತು ನಿಂತರು.

“ಇದಕ್ಕೂ ಮಕ್ಕಳಿಲ್ವಾ?”

“ಆಗದ ಹಾಗೆ ಮಾತ್ರೆ ಕೊಡ್ತಿದೀವಿ, ಅತ್ತೆ. ನಿಲ್ಲಿಸಿದ್ರೆ ಮತ್ತೆ ಆಗುತ್ತೆ. ಪಕ್ಕದ್ದಕ್ಕೆ ನಿಲ್ಲಿಸಿದ್ವಿ, ಈಗ ಬಸುರಿ.”

“ದಿನಾ ಕೊಡ್ಬೇಕಾ?”

“ತಿಂಗಳಿಗೊಂದು. ಬಾಳೆಹಣ್ಣೊಳಗೆ ಇಟ್ಟು ಕೊಡ್ತೀವಿ.”

“ಗಂಡಿಗೆ ಗೊತ್ತಾಗಲ್ವಾ?”

“ಅದಕ್ಕೆ ಹೇಗೆ ಗೊತ್ತಾಗುತ್ತೆ?”

ಅತ್ತೆ ಸೊಸೆಯ ಮುಖವನ್ನೇ ದಿಟ್ಟಿಸಿದರು.

“ದೇವರಾಣೆ ಅತ್ತೆ, ನಾನು ಇದನ್ನ ಬಾಯಿಗೆ ಹಾಕ್ಕೊಂಡಿಲ್ಲ.”

“ನಿನ್ನ ಸುದ್ದಿ ಆಮೇಲೆ.” ಅತ್ತೆ ಹೋಗಿ ಬಾಗಿಲು ಹಾಕಿ ಬಂದರು. “ನಿನ್ನ ನಾದಿನಿ ಮಂಗಳೆಗೆ ಮೂರೂ ಹೆಣ್ಣಾಯ್ತು. ಗಂಡು ಆಗೋವರೆಗೂ ಬಿಡಲ್ಲ ಅಂತ ಅವಳ ಗಂಡನ ಮನೆಯವರು ಕೂತಿದಾರೆ. ಇನ್ನೊಂದು ಹೆತ್ರೆ ಅವಳು ಉಳಿಯಲ್ಲ ಅಂದಿದಾರೆ ಡಾಕ್ಟ್ರು. ಅವರು ಕೊಟ್ಟ ಮಾತ್ರೆನ ಗಂಡ ಒಲೆಗೆ ಹಾಕ್ದ. ತಿಂಗಳಿಗೊಂದು ಸಲ ನಾನು ಹಣ್ಣು ತಗೊಂಡು ಹೋದ್ರೆ ಯಾರು ತಡೀತಾರೆ?”

ಸೊಸೆ ಮೇಜಿನ ಮೇಲಿದ್ದ ಮಾತ್ರೆಯ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು.

“ಇದನ್ನ ಇನ್ನೂ ಮನುಷ್ಯರಿಗೆ ಕೊಡೋ ಹಾಗಿಲ್ಲ, ಅತ್ತೆ. ಪ್ರಾಣಿಗಳಿಗೆ ಮಾತ್ರ.”

ಅತ್ತೆ ಚೀಲದಿಂದ ಒಂದು ಹಣ್ಣು ತೆಗೆದು ಮೇಜಿನ ಮೇಲಿಟ್ಟರು.

“ಆ ಮನೇಲಿ ಅವಳನ್ನ ಮನುಷ್ಯರು ಅಂತ ಯಾರು ಅಂದ್ಕೊಂಡಿದಾರೆ?”