ಅತ್ತೆಗೆ ದಾಟಿಸಿದ ಹಸಿವು

ಹಸಿವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕೈಪಟ್ಟಿ ಧಾರವಾಡದ ಮನೆಮನೆಗೂ ಬಂದ ಮೇಲೆ ಒಪ್ಪತ್ತು ಮಾಡುವುದು ಅಂಥ ಕಷ್ಟವಾಗಿ ಉಳಿದಿರಲಿಲ್ಲ. ತೂಕ ಇಳಿಸಲು ಹೊರಟಿದ್ದ ಸುರೇಖಾ ಬೆಳಿಗ್ಗೆ ತನ್ನ ಹಸಿವನ್ನು ಗಂಡನಿಗೆ ದಾಟಿಸಿ, ಸಂಜೆಯ ಊಟಕ್ಕೆ ಮರಳಿ ಪಡೆಯುತ್ತಿದ್ದಳು. ಗಂಡ ಪರವೂರಿಗೆ ಹೋದ ದಿನ ಅತ್ತೆ ಪಾರವ್ವ ತಾವೇ ಕೈ ಚಾಚಿದರು. ಮಾವ ತೀರಿಕೊಂಡಾಗಿನಿಂದ ಅವರು ನಾಲ್ಕು ತುತ್ತು ಉಂಡು ಎದ್ದುಬಿಡುತ್ತಿದ್ದರು. ಕೇಳಿದರೆ, "ನನಗ ಹಸಿವ ಆಗೂದಿಲ್ಲವಾ" ಎನ್ನುತ್ತಿದ್ದರು.

ಅಂದು ಮಧ್ಯಾಹ್ನ ಅವರು ಬಿಸಿ ರೊಟ್ಟಿ, ಎಣ್ಣೆಗಾಯಿ ಉಂಡರು. ಇನ್ನೊಂದು ರೊಟ್ಟಿ ಕೇಳಿದರು. ಆಮೇಲೆ, "ಚಟ್ನಿಗೆ ಉಪ್ಪು ಕಡಿಮಿ ಆಗೇತಿ ನೋಡ" ಎಂದರು. ಅಡುಗೆಯ ಬಗ್ಗೆ ಅವರು ಮಾತಾಡಿ ವರ್ಷವಾಗಿತ್ತು.

ಸಂಜೆ ಸುರೇಖಾ ಹಸಿವು ಮರಳಿ ಪಡೆಯಲು ಹೋದಾಗ ಅತ್ತೆ ಪಟ್ಟಿಯ ಮೇಲೆ ಸೆರಗು ಎಳೆದುಕೊಂಡರು.

"ಇದನ್ನ ನಾಳಿತನಕ ನಾನ ಇಟ್ಕೊಳ್ಲೇನವಾ? ಹೋಳಿಗಿ ತಿನಬೇಕ ಅನಸಾಕತ್ತೇತಿ."

ದಿನವಿಡೀ ಕಾಯ್ದ ಒಂದೇ ಊಟ. ಸುರೇಖಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇರ್ಲಿ ಬಿಡ್ರಿ ಅತ್ತಿ. ನಾಳೆ ಬ್ಯಾಳಿ ಬೇಯಾಕ ಇಡ್ತೀನಿ."

ಇಬ್ಬರೂ ಉಣ್ಣಲು ಕುಳಿತರು. ಹಸಿವಿಲ್ಲದ ಬಾಯಿಗೆ ರೊಟ್ಟಿ ರಟ್ಟಿನಂತಿತ್ತು. ಅತ್ತೆ ಇಷ್ಟು ದಿನ ನುಂಗಿದ್ದು ಇದನ್ನೇ ಎಂದು ಅವಳಿಗೆ ಆಗ ತಿಳಿಯಿತು. ಅವರ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿ, ಅವಳು ನಿಧಾನವಾಗಿ ಅಗಿಯತೊಡಗಿದಳು.