ತವರಿಗೂ ಒಂದು ಟಿಕ್

ಮನೆಗೋಡೆಗಳು ಕೇಳಿಸಿಕೊಂಡದ್ದನ್ನೆಲ್ಲ ಆಯಾ ಊರಿನ ಗ್ರಂಥಾಲಯ ಕೂಡಿಡುತ್ತಿದ್ದ ಕಾಲ. ನೀಲವ್ವ ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಗ್ರಂಥಾಲಯದ ಗುರುಪಾದನ ಮುಂದೆ ಬಂದು ಕುಳಿತಳು. ತೀರಿಹೋದ ತಾಯಿ ಶಾಂತವ್ವ ನಕ್ಕದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ತಾನು ಹುಟ್ಟಿದ್ದೇ ಆಕೆಗೆ ಬೇಡವಾಗಿತ್ತೇನೋ ಎಂಬ ಕೊರಗು ಐವತ್ತು ವರ್ಷದಿಂದ ಒಳಗೇ ಇತ್ತು.

ಗುರುಪಾದ ‘ಶಾಂತವ್ವ, ನಗು’ ಎಂದು ಹಾಕಿ ಹುಡುಕಿದ. “ಒಂದೂ ಇಲ್ಲ ನೋಡಬೇ ಯಕ್ಕಾ. ಬರೇ ಕೆಮ್ಮು, ಬೀಸೋ ಕಲ್ಲಿನ ಸಪ್ಪಳ.”

“ಯಾವ ಊರಾಗ ಹುಡುಕಿದಿ?”

“ನಮ್ಮೂರಾಗ. ಸೆಟ್ಟಿಂಗಿನಾಗ ಇದೊಂದಕ್ಕ ಟಿಕ್ ಐತಿ.”

“ಭಾಳ ಶಾಣ್ಯಾ ಅದೀ ಬಿಡು! ಹೆಣ್ಮಕ್ಕಳಿಗೆ ತವರು ಇರೂದಿಲ್ಲೇನು? ಹಿರೇಕೊಪ್ಪಕ್ಕೂ ಟಿಕ್ ಹಾಕು. ಹೆಸರೂ ಬದಲಿಸು. ಶಾಂತವ್ವ ಅಂತ ಇಟ್ಟದ್ದು ಮದುವಿ ದಿನ. ಅಲ್ಲಿ ಆಕಿ ತುಂಗವ್ವ.”

ಈ ಸಲ ಪರದೆ ತುಂಬಿತು. ನಗುಗಳೆಲ್ಲ ಮದುವೆಗೆ ಮುಂಚಿನವು; ಕೊನೆಯದೊಂದು ಮಾತ್ರ ಮದುವೆಯಾದ ಎರಡು ವರ್ಷಕ್ಕೆ.

“ಇದೊಂದು ಹೆಂಗ?” ಎಂದ ಗುರುಪಾದ.

“ಚೊಚ್ಚಲ ಬಾಣಂತನಕ್ಕ ಹೋಗಿದ್ಳು. ಹಚ್ಚು.”

ಎಳೆಗೂಸೊಂದು ಕಿರುಚಿ ಅಳುತ್ತಿತ್ತು. ಅದರ ಅಳು ಕೇಳಿ ಹುಡುಗಿಯೊಬ್ಬಳು ತಡೆಯಲಾರದೆ ನಗುತ್ತಿದ್ದಳು.

“ಈ ಕೂಸು ಯಾರದಬೇ?”

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾನಪಾ ಅದು. ಇನ್ನೊಮ್ಮೆ ಹಚ್ಚು.”